ಹತ್ತು ಕೊಟ್ಟು ಹತ್ತು ತಂದ ವರ್ಷ

ಹೊಸದಾಗಿ ಕೆಲಸಕ್ಕೆ ಸೇರಿರುವ ಗಣಿತದ ಮೇಷ್ಟ್ರುಗಳಿಗೆ, ಮೇಡಂಗಳಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಎಂ.ಎಸ್ಸಿ. ಗಣಿತ ಪದವಿಗೆ ಏನೇನು ಓದಬೇಕು ಎಂದು ಯಾರಾದರೂ ಕೇಳಿದರೆ ನೀವು ಆಲ್ಜೀಬ್ರ, ಅನಾಲಿಸಿಸ್, ಟೊಪಾಲಜಿ ಎಂದು ಬೆರಳು ಮಡಿಸುತ್ತೀರಿ. ನಾನೂ ಹಾಗೇ ಮಡಿಸುತ್ತಿದ್ದೆ. ಅವೆಲ್ಲ ಹೇಗೋ ಆಗಿಹೋಗುತ್ತವೆ. ಮಕ್ಕಳು ಅಳುತ್ತಾರೆ, ನೀವೂ ಒಳಗೊಳಗೇ ಅಳುತ್ತೀರಿ, ಕಡೆಗೆ ಇಬ್ಬರೂ ಪಾಸಾಗುತ್ತೀರಿ. ಪದವಿಯ ಕುತ್ತಿಗೆ ಹಿಡಿಯುವುದು ನಿಯಮಾವಳಿಯ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಕೂತಿರುವ ಒಂದು ಸಾಲು. ಪ್ರತಿ ವಿದ್ಯಾರ್ಥಿಯೂ ತನ್ನದಲ್ಲದ ಬೇರೆ ವಿಭಾಗದ ಒಂದು ಪತ್ರಿಕೆಯನ್ನು ಓದಿ ತೇರ್ಗಡೆಯಾಗಿರತಕ್ಕದ್ದು. ಇದಕ್ಕೆ ಓಪನ್ ಎಲೆಕ್ಟಿವ್ ಎಂದು ಹೆಸರು. ಆ ಬಾಗಿಲು ಎಷ್ಟು ಓಪನ್ ಎಂಬುದನ್ನು ಹೇಳುವುದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಿಬಿಡಬೇಕು. ನಾನು ದಿನಚರಿ ಬರೆಯುವವಳು. ಹಾಗಂತ ನನ್ನನ್ನು ಪೂರ್ತಿ ನಂಬಬೇಡಿ. ಈ ಕಥೆಯ ಒಂದು ಮುಖ್ಯ ದಿನ ನನ್ನ ನೆನಪಿನಲ್ಲಿ ರಣಬಿಸಿಲು. ದಿನಚರಿಯಲ್ಲಿ "ಜಡಿಮಳೆ, ಕೊಡೆ ಮರೆತೆ" ಎಂದಿದೆ. ಇಬ್ಬರಲ್ಲಿ ಯಾರು ಸುಳ್ಳು ಹೇಳುತ್ತಿದ್ದಾರೋ ನನಗೆ ಗೊತ್ತಿಲ್ಲ. ದಿನಚರಿ ಬರೆದವಳೂ ನಾನೇ, ನೆನಪಿಟ್ಟುಕೊಂಡವಳೂ ನಾನೇ.

ನಾನು ಕೆಲಸ ಮಾಡಿದ್ದು ಮಧುಗಿರಿಯ ಒಂದು ಕಾಲೇಜಿನಲ್ಲಿ. ಮನೆ ಕೊರಟಗೆರೆ. ಎಂ.ಎಸ್ಸಿ. ಗಣಿತ ವಿಭಾಗ ಶುರುವಾದಾಗ ಅದರ ಸಂಯೋಜಕಿ ಎಂದು ನನ್ನನ್ನು ಕೂರಿಸಿದರು. ಸಂಯೋಜಕಿ ಎಂದರೆ ಪಾಠದ ಜೊತೆಗೆ ಬೈಗುಳವನ್ನೂ ಹಂಚಿಕೊಳ್ಳುವವಳು. ಪ್ರಾಂಶುಪಾಲರು ಒಳ್ಳೆಯ ಮನುಷ್ಯರು, ಆದರೆ ಏನು ಕೇಳಲು ಹೋದರೂ ಮೊದಲು "ಇದಕ್ಕೆ ರೂಲ್ ಇದೆಯಾ?" ಅನ್ನುತ್ತಿದ್ದರು. ಇದೆ ಅಂದರೆ, "ರೂಲ್ ಇದ್ದಮೇಲೆ ನನ್ನ ಯಾಕೆ ಕೇಳ್ತೀರಿ?" ಇಲ್ಲ ಅಂದರೆ, "ರೂಲೇ ಇಲ್ಲ ಅಂದ್ಮೇಲೆ ನಾನು ಹೆಂಗಮ್ಮ ಮಾಡ್ಲಿ?" ಈ ಎರಡು ಉತ್ತರಗಳ ನಡುವೆ ಒಂದು ಕೂದಲೆಳೆ ಜಾಗ ಇರುತ್ತಿತ್ತು. ನನ್ನ ಸೇವಾವಧಿಯ ಒಳ್ಳೆಯ ಕೆಲಸಗಳೆಲ್ಲ ಆ ಜಾಗದಲ್ಲೇ ಆದದ್ದು.

ಮಕ್ಕಳು ನಾಲ್ಕೂ ಕಡೆಯಿಂದ ಬರುತ್ತಿದ್ದರು. ಶಿರಾದವರು, ಪಾವಗಡದವರು, ಕೊಳಾಲ ಹೋಬಳಿಯ ಹಳ್ಳಿಯವರು. ಈ ಕಥೆಯ ಮಕ್ಕಳು ಮೊದಲ ವರ್ಷದಲ್ಲಿದ್ದಾಗ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಟೊಪಾಲಜಿಯಲ್ಲಿ ಕೊಳಾಲದ ಹುಡುಗನೊಬ್ಬನನ್ನು, ತುಂಡಾಗದೆ ಒಂದಕ್ಕೊಂದು ಸೇರಿಕೊಂಡಿರುವ ಗಣಕ್ಕೆ ಉದಾಹರಣೆ ಕೊಡು ಎಂದರು. ಅವನಿಗೆ ಪುಸ್ತಕದ್ದೇನೂ ಹೊಳೆಯಲಿಲ್ಲ. "ನಮ್ಮ ಹೋಬಳಿ ಸರ್," ಅಂದ.

"ಹೆಂಗಪ್ಪ?"

"ಬಸ್ ಇಲ್ದಿದ್ರೂ ಯಾವ ಊರಿಂದ ಯಾವ ಊರಿಗಾದ್ರೂ ನಡ್ಕೊಂಡೋಗ್ಬೋದು ಸರ್. ಮಧ್ಯ ನೆಗೆಯಂಗಿಲ್ಲ."

ಪರೀಕ್ಷಕರು ನಗುತ್ತಾ ಕನ್ನಡಕ ತೆಗೆದು ಒರೆಸಿಕೊಂಡರು. ಅದಕ್ಕಿಂತ ಒಳ್ಳೆಯ ಉತ್ತರ ನಾನು ಆ ಪ್ರಶ್ನೆಗೆ ಇವತ್ತಿಗೂ ಕೇಳಿಲ್ಲ.

ಇರಲಿ. ಓಪನ್ ಎಲೆಕ್ಟಿವ್‌ಗೆ ಬರುತ್ತೇನೆ. ಮೊದಮೊದಲು ಅದು ತೊಂದರೆಯೇ ಆಗಿರಲಿಲ್ಲ. ನಮ್ಮಲ್ಲಿ ಸ್ನಾತಕೋತ್ತರಕ್ಕೆ ಇದ್ದದ್ದು ಗಣಿತ, ಕನ್ನಡ, ವಾಣಿಜ್ಯ, ಮೂರೇ. ವಾಣಿಜ್ಯದವರ ಪತ್ರಿಕೆ ಸಲೀಸು ಎಂದು ಹೆಸರಾಗಿತ್ತು. ಗಣಿತದವರೂ ಕನ್ನಡದವರೂ ಕೈ ಕೈ ಹಿಡಿದುಕೊಂಡು ಅಲ್ಲಿಗೆ ಹೋಗಿ ಪಾಸಾಗಿ ಬರುತ್ತಿದ್ದರು. ಒಂದು ವರ್ಷ ವಾಣಿಜ್ಯದ ಸ್ನಾತಕೋತ್ತರ ವಿಭಾಗವೇ ಮುಚ್ಚಿತು. ಅದೇ ವರ್ಷ ನೋಂದಣಿ ಕಂಪ್ಯೂಟರಿಗೆ ಬಂತು. ಮೊದಲು ಒಂದಿಬ್ಬರು ಕಡಿಮೆ ಬಿದ್ದರೆ ಒಂದು ಅರ್ಜಿ ಬರೆದು, ಅದಕ್ಕೊಂದು ಶಿಫಾರಸು ಅಂಟಿಸಿ ದಾಟಿಸುತ್ತಿದ್ದೆವು. ಕಂಪ್ಯೂಟರಿಗೆ ಶಿಫಾರಸು ಗೊತ್ತಿಲ್ಲ. ಹೊರ ವಿಭಾಗದ ಹತ್ತು ಮಂದಿ ಸೇರದಿದ್ದರೆ ಆ ಪತ್ರಿಕೆಯ ಹೆಸರೇ ಪರದೆಯ ಮೇಲೆ ಮೂಡುತ್ತಿರಲಿಲ್ಲ.

ಆ ಸಲ ಕೊನೆಯ ವರ್ಷದಲ್ಲಿದ್ದ ನಮ್ಮ ಮಕ್ಕಳು ಸರಿಯಾಗಿ ಹತ್ತು. ಕನ್ನಡದವರೂ ಸರಿಯಾಗಿ ಹತ್ತು. ನಮ್ಮ ಹತ್ತೂ ಕನ್ನಡಕ್ಕೆ ಹೋಗಬೇಕು, ಅವರ ಹತ್ತೂ ಗಣಿತಕ್ಕೆ ಬರಬೇಕು. ಒಂದು ಪತ್ರಿಕೆ ತುಂಬದಿದ್ದರೆ ಕಂಪ್ಯೂಟರು ಕಾಲೇಜಿನ ಇನ್ನೊಂದನ್ನೂ ಒಪ್ಪುತ್ತಿರಲಿಲ್ಲ, ಒಬ್ಬರು ಕೈಕೊಟ್ಟರೂ ಎರಡೂ ಕಡೆಯವರಿಗೆ ಪದವಿ ಇಲ್ಲ.

ಈ ಲೆಕ್ಕವನ್ನು ನನಗೆ ಮೊದಲು ಹೇಳಿದವಳು ಮುಬೀನಾ. ಶಿರಾದ ಹುಡುಗಿ. ಅವಳ ಅಬ್ಬಾ ಹಾಸಿಗೆ ಹೊಲಿಯುವವರು. ಮುಬೀನಾ ನಮ್ಮ ವಿಭಾಗದ ಜಾಣೆ ಮಾತ್ರವಲ್ಲ, ಗದ್ದಲವೂ ಹೌದು. ಅವಳಿಲ್ಲದ ದಿನ ಕ್ಲಾಸು ಬ್ಯಾಂಕಿನ ಹಾಗೆ ತಣ್ಣಗಿರುತ್ತಿತ್ತು. ಆ ದಿನ ಮಾತ್ರ ಮೆತ್ತಗೆ ಬಂದು ಮೇಜಿನ ಮುಂದೆ ನಿಂತಳು.

"ಮೇಡಂ, ಬರಗೂರಿನ ಕಡೆ ಒಂದು ಪಿಯು ಕಾಲೇಜಲ್ಲಿ ಗಣಿತಕ್ಕೆ ನನ್ನ ತಗೋತೀವಿ ಅಂದಿದಾರೆ. ಜೂನ್‌ಗೆ ಅಂಕಪಟ್ಟಿ ಕೈಯಲ್ಲಿರ್ಬೇಕಂತೆ. ಇಲ್ಲಾಂದ್ರೆ ಬೇರೆಯೋರನ್ನ ನೋಡ್ಕೋತಾರಂತೆ."

"ಬರುತ್ತೆ ಬಿಡೆ. ನೀನೇನು ಫೇಲಾಗೋಳಾ?"

"ಫೇಲಾದ್ರೆ ನನ್ ತಪ್ಪು ಅನ್ಬೋದಿತ್ತು ಮೇಡಂ. ಕ್ಲಾಸೇ ನಡೀಲಿಲ್ಲ ಅಂದ್ರೆ ಅಬ್ಬಾಗೆ ಏನಂತ ಹೇಳ್ಲಿ? ಕನ್ನಡದೋರು ಗಣಿತ ಅಂದ್ರೆ ಓಡಿಹೋಗ್ತಿದಾರೆ."

ಕನ್ನಡ ವಿಭಾಗದ ಮುಖ್ಯಸ್ಥರು ಶಿವಲಿಂಗಯ್ಯನವರು. ಕಳ್ಳಂಬೆಳ್ಳದವರು, ಮನೆ ಮಾಡಿದ್ದು ಶಿರಾದಲ್ಲಿ. ಎತ್ತರದ ಆಳು, ಹಣೆ ತುಂಬ ವಿಭೂತಿ. ಮಾತಾಡುವಾಗಲೂ ಬೆರಳಲ್ಲಿ ಛಂದಸ್ಸಿನ ಮಾತ್ರೆ ಎಣಿಸುವ ಅಭ್ಯಾಸ. ಗಣಿತದ ವಿಷಯ ತೆಗೆದೊಡನೆ ಕಿವಿ ಮುಚ್ಚಿಕೊಂಡರು.

"ನನ್ನ ಹುಡುಗ್ರು ಗಣಿತಕ್ಕೆ ಹೆದರಿ ಕನ್ನಡಕ್ಕೆ ಬಂದೋರು ಮೇಡಮ್ನೋರೇ. ಅವರನ್ನ ವಾಪಸ್ ಅಲ್ಲಿಗೇ ಕಳ್ಸು ಅಂದ್ರೆ ಹೆಂಗೆ? ನಾನೂ ಹಂಗೇ ಬಂದೋನು."

"ನಿಮ್ಮ ಹತ್ತು ಜನ ಬರಲಿಲ್ಲ ಅಂದ್ರೆ ಅವರಿಗೂ ಪದವಿ ಇಲ್ಲ ಸರ್. ನಮ್ಮ ಹತ್ತು ಜನ ನಿಮಗೆ ಬೇಡವಾ?"

ಅವರ ಮುಖ ಅರಳಿತು. "ಓಹೋ! ಕೊಟ್ಟು ತರೋ ಸಂಬಂಧ!"

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಮನೆಯ ಹುಡುಗಿಯನ್ನು ಇನ್ನೊಂದು ಮನೆಗೆ ಕೊಟ್ಟು, ಆ ಮನೆಯ ಹುಡುಗಿಯನ್ನು ಈ ಮನೆಗೆ ತರುವುದು. ಅದರ ಗಟ್ಟಿತನ ಇರುವುದು ಪ್ರೀತಿಯಲ್ಲಲ್ಲ, ಭಯದಲ್ಲಿ. ನಿನ್ನ ಮಗಳನ್ನು ನಾನು ಚೆನ್ನಾಗಿ ನೋಡಿಕೊಳ್ಳದಿದ್ದರೆ ನನ್ನ ಮಗಳನ್ನು ನೀನು ಚೆನ್ನಾಗಿ ನೋಡಿಕೊಳ್ಳುವುದಿಲ್ಲ. ನಾನು ಓದಿದ ಯಾವ ಗಣಿತದ ಪುಸ್ತಕದಲ್ಲೂ ಷರತ್ತನ್ನು ಇಷ್ಟು ಚೆನ್ನಾಗಿ ಬರೆದಿಲ್ಲ.

"ಆದ್ರೆ ಬೀಗ್ರೇ," ಅಂದರು ಶಿವಲಿಂಗಯ್ಯನವರು. ಆ ಗಳಿಗೆಯಿಂದ ನಿವೃತ್ತಿಯವರೆಗೂ ಅವರು ನನ್ನನ್ನು ಬೇರೆ ಹೆಸರಲ್ಲಿ ಕರೆಯಲಿಲ್ಲ. "ನಮ್ಮ ಹುಡುಗ್ರು ಮೊದಲು ಹೆಣ್ಣು ನೋಡ್ಬೇಕು. ಶಾಸ್ತ್ರ ಶಾಸ್ತ್ರವೇ."

ಹೆಣ್ಣು ಎಂದರೆ ಗಣಿತ. ಒಂದು ಮಾದರಿ ತರಗತಿ. ಒಪ್ಪಿಗೆಯಾದರೆ ಹತ್ತೂ ಜನ ಹೆಸರು ಬರೆಸುತ್ತಾರೆ. ಒಂಬತ್ತು ಜನ ಹೇಗೋ ಒಪ್ಪಿದ್ದರು. ಹತ್ತನೆಯವನು ಓಬಳೇಶ. ಪಾವಗಡದ ಆಚೆ, ಕೂಗಿದರೆ ಆಂಧ್ರಕ್ಕೆ ಕೇಳಿಸುವಂಥ ಊರು. ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಮತ್ತೆ ಮತ್ತೆ ಕೂತು ಎದ್ದವನು. "ಕೋರ್ಸೇ ಬುಟ್ಬುಡ್ತೀನಿ ಸರ್, ಆ ಕ್ಲಾಸಿಗೆ ಮಾತ್ರ ಹೋಗಲ್ಲ," ಎಂದು ಶಿವಲಿಂಗಯ್ಯನವರ ಮುಂದೆ ಕೈ ಮುಗಿದಿದ್ದನಂತೆ.

ಹೆಣ್ಣು ನೋಡುವ ದಿನ ಅವರು ಬಂದದ್ದು ನೋಡಬೇಕಿತ್ತು. ಶಿವಲಿಂಗಯ್ಯನವರು ಗಂಡಿನ ತಂದೆಯ ಠೀವಿಯಲ್ಲಿ ಮೊದಲ ಬೆಂಚು. ಹತ್ತೂ ಜನ ಕೊನೆಯ ಬೆಂಚುಗಳು. ಓಬಳೇಶ ಬಾಗಿಲಿಗೆ ಅಂಟಿಕೊಂಡೇ ಕೂತಿದ್ದ, ಒಂದು ಕಾಲು ಹೊರಗೆ. ನನ್ನ ಮಕ್ಕಳು ಎಲ್ಲರಿಗೂ ಬಿಸ್ಕತ್ತು ಹಂಚಿದರು.

"ಹುಡುಗಿಗೆ ಹಾಡಕ್ಕೆ ಬರುತ್ತಾ?" ಎಂದರು ಶಿವಲಿಂಗಯ್ಯನವರು.

ನಾನು ಪಂಚಾಂಗದ ತಿಥಿ ಲೆಕ್ಕದ ಮೇಲೆ ಚೆಂದದ ಪಾಠ ಸಿದ್ಧಮಾಡಿಕೊಂಡಿದ್ದೆ. ಬಾಯಿ ತೆರೆಯುವುದರೊಳಗೆ ಮುಬೀನಾ ಎದ್ದು ಬಂದಳು. "ಬರುತ್ತೆ ಸರ್," ಎಂದು ಸೀಮೆಸುಣ್ಣ ಕಿತ್ತುಕೊಂಡಳು. (ನಾನೇ ಕೊಟ್ಟೆ ಎಂದು ದಿನಚರಿಯಲ್ಲಿದೆ. ನನ್ನ ಮರ್ಯಾದೆಗೆ ಬರೆದುಕೊಂಡಿರಬೇಕು.)

"ಲಘುಗೆ ಒಂದು ಮಾತ್ರೆ, ಗುರುಗೆ ಎರಡು. ಸರಿನಾ ಸರ್? ನೆನ್ನೆ ನಿಮ್ಮ ಹುಡುಗೀರ ಹತ್ರ ಕಲ್ತೆ. ಲಘುಗೆ ಚಪ್ಪಾಳೆ ಹೊಡೀರಿ, ಗುರುಗೆ ಬೆಂಚು ಕುಟ್ಟಿ. ಮೂರು ಮಾತ್ರೆ ತುಂಬ್ಸಿ ನೋಡೋಣ, ಎಷ್ಟು ಥರ ತುಂಬ್ಸಬೋದು?"

ಅದು ಅವರ ಮನೆಯ ಅಂಗಳ. ಚಪ್ಪಾಳೆ ಚಪ್ಪಾಳೆ ಚಪ್ಪಾಳೆ. ಚಪ್ಪಾಳೆ, ಬೆಂಚು. ಬೆಂಚು, ಚಪ್ಪಾಳೆ. ಮೂರು ಥರ. ನಾಲ್ಕು ಮಾತ್ರೆಗೆ ಐದು ಥರ ಬಂತು. ಐದು ಮಾತ್ರೆಗೆ ಎಂಟು. ಅಷ್ಟರಲ್ಲಿ ಬೆಂಚುಗಳು ಜಾಗ ಬಿಟ್ಟು ಕದಲಿದ್ದವು, ಪಕ್ಕದ ಕೋಣೆಯ ಬಿ.ಕಾಂ. ಮಕ್ಕಳು ಕಿಟಕಿಗೆ ಜೋತುಬಿದ್ದಿದ್ದರು, ಶಿವಲಿಂಗಯ್ಯನವರು ಗಂಡಿನ ತಂದೆ ಎಂಬುದನ್ನು ಮರೆತು ಎರಡೂ ಕೈಯಲ್ಲಿ ಬೆಂಚು ಬಡಿಯುತ್ತಿದ್ದರು.

"ಆರು ಮಾತ್ರೆಗೆ?" ಎಂದು ಮುಬೀನಾ ಕೂಗಿದಳು.

ಎಲ್ಲರೂ ಒಟ್ಟಿಗೆ ಬಡಿಯಲು ಹೋಗಿ ಗೋಜಲಾಯಿತು. ಬಾಗಿಲ ಕಡೆಯಿಂದ ಒಂದು ಸಣ್ಣ ದನಿ ಬಂತು. "ಹದಿಮೂರು."

ಸದ್ದು ನಿಂತಿತು. ಓಬಳೇಶನ ಎರಡೂ ಕಾಲು ಈಗ ಒಳಗಿದ್ದವು.

"ಹೆಂಗೆ ತಮ್ಮಾ?"

"ಕೊನೇಲಿ ಲಘು ಕುಂತ್ರೆ ಅದಕ್ಕೆ ಮುಂಚೆ ಐದು ಮಾತ್ರೆ ಇರ್ತದೆ, ಅದಕ್ಕೆ ಎಂಟು ಥರ. ಗುರು ಕುಂತ್ರೆ ಮುಂಚೆ ನಾಲ್ಕು, ಅದಕ್ಕೆ ಐದು. ಎಂಟೂ ಐದೂ ಹದಿಮೂರು. ಅಂತೇ ಕದಾ ಅಕ್ಕಾ, ಅಷ್ಟೇ ಅಲ್ವಾ?"

"ಲೇ, ಅದು ಗಣಿತ ಕಣೋ!" ಎಂದು ಅವನ ಪಕ್ಕದವನು ಬೆನ್ನಿಗೆ ಗುದ್ದಿದ.

ಓಬಳೇಶ ಗಾಬರಿಯಾಗಿ ಎದ್ದು ನಿಂತ. "ಕಾದು, ಕಾದು! ಇದು ಛಂದಸ್ಸು!" ಅಲ್ಲವೇ ಅಲ್ಲ ಎಂದು ತೆಲುಗಿನಲ್ಲಿ ಆಣೆ ಮಾಡಿದ. ಅವನಿಗೆ ಮೋಸ ಹೋದೆ ಎನ್ನಿಸಿರಬೇಕು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಪ್ರಾಂಶುಪಾಲರು ಬಾಗಿಲಲ್ಲಿ ಕಾಣಿಸಿಕೊಂಡರು. "ಬೆಂಚು ಬಡಿಯೋಕೆ ರೂಲ್ ಇದೆಯಾ?" ಎಂದರು.

ಕಡೆಗೆ ಓಬಳೇಶ ಒಂದು ಷರತ್ತಿನ ಮೇಲೆ ಒಪ್ಪಿದ. ಮುಬೀನಕ್ಕ ಪಕ್ಕದಲ್ಲಿ ಕೂತಿರಬೇಕು. ಮುಬೀನಾ "ಕೂತಿರ್ತೀನಿ ಬಾರಪ್ಪಾ" ಅಂದಳು. ಅವಳ ಬರಗೂರು ಆ ಹುಡುಗನ ಹೆಸರಿನ ಮೇಲೆ ನಿಂತಿತ್ತು. ಅವನು ಏಳನೇ ಆಕಾಶ ಕೇಳಿದ್ದರೂ ತರುತ್ತೇನೆ ಅನ್ನುತ್ತಿದ್ದಳು.

ಅದೇ ವಾರ ಸ್ಟಾಫ್ ರೂಮಿನಲ್ಲಿ ತಾಂಬೂಲ ಬದಲಾಯಿಸಿಕೊಂಡೆವು. ಎಲೆ, ಅಡಿಕೆ, ಬಾಳೆಹಣ್ಣು, ಎರಡು ತಟ್ಟೆ. ಶಿವಲಿಂಗಯ್ಯನವರು ತೆಂಗಿನಕಾಯಿಯೂ ಇತ್ತು, ಸಮವಾಗಿ ಎರಡು ಹೋಳಾಯಿತು ಎಂದು ಇವತ್ತಿಗೂ ವಾದಿಸುತ್ತಾರೆ. ಕಾಯಿ ಇರಲೇ ಇಲ್ಲ ಎಂದು ನನ್ನ ವಾದ. ಇಬ್ಬರ ಹತ್ತಿರವೂ ಸಾಕ್ಷಿ ಇಲ್ಲ. ಇಪ್ಪತ್ತು ಹೆಸರೂ ಕಂಪ್ಯೂಟರಿಗೆ ಹೋದವು. ಎರಡೂ ಪತ್ರಿಕೆಗಳ ಹೆಸರು ಪರದೆಯ ಮೇಲೆ ಮೂಡಿದಾಗ ಯಾರೋ ಹಿಂದಿನಿಂದ "ಗಟ್ಟಿಮೇಳ!" ಎಂದು ಕೂಗಿದರು. ಅದಂತೂ ನಿಜ.

ಎರಡು ತರಗತಿಗಳೂ ಒಂದೇ ಹೊತ್ತಿಗೆ. ನಮ್ಮ ಮಕ್ಕಳು ಅಲ್ಲಿ, ಅವರ ಮಕ್ಕಳು ಇಲ್ಲಿ. ಗೋಡೆಯಾಚೆಯ ಮಾತು ನನಗೆ ಕೇಳಿಸುತ್ತಿತ್ತು. ಶಿವಲಿಂಗಯ್ಯನವರು ಪದ್ಯ ಓದಿ ಅರ್ಥ ಹೇಳುವುದು, ನಮ್ಮ ಕೊಳಾಲದ ಹುಡುಗ ಎದ್ದು ನಿಲ್ಲುವುದು.

"ಸರ್, ನಾಯಕಿ ಮುಖ ಚಂದ್ರನ ಥರ ಅಂದ್ರಿ."

"ಹೌದಪ್ಪ."

"ಆಮೇಲೆ ಅದೇ ಮುಖ ತಾವರೆ ಥರ ಅಂದ್ರಿ. ಹಂಗಾದ್ರೆ ಚಂದ್ರ ತಾವರೆ ಥರ ಅಂತಾಯ್ತಲ್ಲ ಸರ್?"

"ಅಯ್ಯೋ, ಅವೆರಡಕ್ಕೂ ಆಗಿಬರಲ್ಲ ಕಣಯ್ಯಾ! ಚಂದ್ರ ಬಂದ ಅಂದ್ರೆ ತಾವರೆ ಬಾಗಿಲು ಹಾಕ್ಕೊಂಡ್ಬುಡ್ತದೆ!"

ನಮ್ಮ ಹುಡುಗ ಗಂಭೀರವಾಗಿ ಅದನ್ನು ಬರೆದುಕೊಳ್ಳುತ್ತಿದ್ದ. ತರಗತಿ ಮುಗಿದ ಮೇಲೆ ಶಿವಲಿಂಗಯ್ಯನವರು ಬೆವರು ಒರೆಸಿಕೊಂಡು ಬಂದು, "ಬೀಗ್ರೇ, ನಿಮ್ಮ ಮಕ್ಕಳು ಪದ್ಯವನ್ನ ಪೊಲೀಸ್ ಸ್ಟೇಷನ್ನಿಗೆ ಎಳ್ಕೊಂಡೋಗ್ತಾರೆ," ಎನ್ನುತ್ತಿದ್ದರು. ಆದರೆ ಖುಷಿಯಾಗಿದ್ದರು. ಪದ್ಯದ ಬಗ್ಗೆ ಇಷ್ಟು ಜಗಳ ಯಾರೂ ತಮ್ಮ ಹತ್ತಿರ ಆಡಿರಲಿಲ್ಲ ಎಂದು ಒಮ್ಮೆ ಹೇಳಿದರು.

ಈ ಸಡಗರದಲ್ಲಿ ಒಂದು ಸಂಗತಿ ಯಾರಿಗೂ ಕಾಣಲಿಲ್ಲ. ಓಬಳೇಶ ಹೆದರಿದ ದಿನಗಳಲ್ಲೆಲ್ಲ ಮುಬೀನಾ ಕೊಟ್ಟ ಮಾತಿನಂತೆ ಗಣಿತದ ಕೋಣೆಯಲ್ಲಿ ಅವನ ಪಕ್ಕ ಕೂರುತ್ತಿದ್ದಳು. ಅರ್ಧ ಗಂಟೆ ಅವನನ್ನು ದಾರಿಗೆ ಹಚ್ಚಿ, ಆಮೇಲೆ ಓಡಿಹೋಗಿ ಕನ್ನಡದ ಕೋಣೆಗೆ ನುಗ್ಗುತ್ತಿದ್ದಳು. ನಾನು ಕೇಳಿದಾಗ, "ಶಿವಲಿಂಗಯ್ಯ ಸರ್‌ಗೆ ಹೇಳಿದೀನಿ ಮೇಡಂ, ತಲೆಯಾಡಿಸಿದ್ರು," ಅಂದಿದ್ದಳು. ನಿಜವೇ. ಅವರು ತಲೆಯಾಡಿಸಿದ್ದರು. ಆದರೆ ಅವರು ಮನಸ್ಸಿನಲ್ಲಿ ಪದ್ಯ ನಡೆಯುತ್ತಿದ್ದಾಗ ಯಾರು ಏನು ಹೇಳಿದರೂ ಅದರ ಲಯಕ್ಕೆ ತಲೆಯಾಡಿಸುತ್ತಿದ್ದರು. ಹಾಜರಿ ಕೂಗುವುದು ತರಗತಿಯ ಮೊದಲಿಗೆ. ಆ ದಿನಗಳಲ್ಲಿ ಮುಬೀನಾ ಇರುತ್ತಿರಲಿಲ್ಲ. ಗೈರು, ಗೈರು, ಗೈರು.

ಪರೀಕ್ಷೆಗೆ ವಾರವಿದೆ ಎನ್ನುವಾಗ ಹಾಜರಾತಿ ಲೆಕ್ಕ ಹಾಕಿದರು. ನೂರಕ್ಕೆ ಎಪ್ಪತ್ತೈದು ಇಲ್ಲದಿದ್ದರೆ ಪರೀಕ್ಷೆಗೆ ಕೂರುವ ಹಾಗಿಲ್ಲ. ಮುಬೀನಾಗೆ ನಾಲ್ಕು ತರಗತಿ ಕಡಿಮೆ. ಹತ್ತೊಂಬತ್ತು ಮಕ್ಕಳಿಗೆ ಪದವಿಯ ದಾರಿ ಮಾಡಿಕೊಟ್ಟವಳಿಗೇ ದಾರಿ ಇಲ್ಲ.

ನಾನು ಶಿವಲಿಂಗಯ್ಯನವರ ಮುಂದೆ ಕೂತೆ. ಅವರ ಮುಖ ನನ್ನದಕ್ಕಿಂತ ಸಣ್ಣಗಾಗಿತ್ತು.

"ಬೀಗ್ರೇ, ಇಷ್ಟು ವರ್ಷದಲ್ಲಿ ಬರದೇ ಇದ್ದೋರಿಗೆ ಬಂದ್ರು ಅಂತ ಬರೆದೋನಲ್ಲ ನಾನು. ಈಗ ಬರೀ ಅಂದ್ರೆ ಬರೀತೀನಿ. ಆದ್ರೆ ಕೈ ಬರಲ್ಲ."

ಬಾಗಿಲಲ್ಲಿ ನಿಂತಿದ್ದ ಮುಬೀನಾ ಒಳಗೆ ಬಂದಳು. ಅತ್ತಿದ್ದಳು, ಮುಖ ತೊಳೆದುಕೊಂಡಿದ್ದಳು. "ಬೇಡ ಸರ್. ಸುಳ್ಳು ಹಾಜರಿ ತಗೊಂಡು ನಾಳೆ ನನ್ ಹುಡುಗ್ರಿಗೆ ಹೆಂಗೆ ಹಾಜರಿ ಕೂಗ್ಲಿ? ನಾಲ್ಕು ಪಾಠ ಮಾಡ್ಬಿಡಿ. ಎಲ್ಲಿ ಅಂದ್ರಲ್ಲಿ ಕೂತ್ಕೋತೀನಿ."

"ಯಾವಾಗಮ್ಮಾ? ಬೆಳಿಗ್ಗೆಯಿಂದ ಸಂಜೆವರೆಗೂ ನನ್ನ ತರಗತಿಗಳಿವೆ. ಸಂಜೆ ಶಿರಾ ಬಸ್ ಹತ್ತಿದ್ರೆ…"

"ನಾನೂ ಅದೇ ಬಸ್ ಸರ್," ಅಂದಳು ಮುಬೀನಾ.

ಮೂವರೂ ಒಟ್ಟಿಗೆ ಪ್ರಾಂಶುಪಾಲರ ಕೋಣೆಗೆ ನಡೆದೆವು. ನಡೆದೆವು ಎಂದು ಬರೆಯುತ್ತಿದ್ದೇನೆ. ಓಡಿದ್ದು.

"ಬಸ್ಸಲ್ಲಿ ಪಾಠ ಮಾಡೋಕೆ ರೂಲ್ ಇದೆಯಾ?" ಎಂದರು ಪ್ರಾಂಶುಪಾಲರು.

"ಮಾಡಬಾರದು ಅಂತ ರೂಲ್ ಇದೆಯಾ ಸರ್?" ಎಂದೆ ನಾನು.

ಅವರು ಪುಸ್ತಕ ತೆರೆದರು. ಹಿಂದಿನಿಂದ ಮುಂದಕ್ಕೆ ಓದಿದರು, ಮುಂದಿನಿಂದ ಹಿಂದಕ್ಕೆ ಓದಿದರು. ತರಗತಿ ಎಂದರೆ ಒಂದು ಗಂಟೆಯ ಬೋಧನೆ ಎಂದಿತ್ತು. ಕೋಣೆ ಎಂದು ಎಲ್ಲೂ ಇರಲಿಲ್ಲ. ನಮ್ಮ ಗಣಿತದಲ್ಲಿ ಇಂಥದ್ದಕ್ಕೆ ಬಹಳ ಮರ್ಯಾದೆ: ವ್ಯಾಖ್ಯೆಯಲ್ಲಿ ಇಲ್ಲದ್ದನ್ನು ಸೇರಿಸಬಾರದು. ಅವರು ಕಿರುನಗೆ ತಡೆದುಕೊಂಡು ಎರಡು ಷರತ್ತು ಹಾಕಿದರು. ಪಾಠ ಪೂರ್ತಿ ಒಂದು ಗಂಟೆ ಬಸ್ಸಿನೊಳಗೇ ನಡೆಯಬೇಕು, ಒಂದು ನಿಮಿಷ ಕಮ್ಮಿಯಾದರೂ, ನಡುವೆ ಇಳಿದರೂ ಲೆಕ್ಕಕ್ಕಿಲ್ಲ. ಮತ್ತೆ, ಇನ್ನೊಬ್ಬ ಅಧ್ಯಾಪಕರು ಕಣ್ಣಾರೆ ನೋಡಿ ಸಹಿ ಹಾಕಬೇಕು.

ಹಾಗೆ ನಾನು ಕೊರಟಗೆರೆಗೆ ಹೋಗಬೇಕಾದವಳು ನಾಲ್ಕು ಸಂಜೆ ಶಿರಾ ಬಸ್ಸಿನಲ್ಲಿ ಕೂತೆ. ನಮ್ಮ ಯಜಮಾನರು ಫೋನಿನಲ್ಲಿ, "ಮನೆ ಒಂದು ದಿಕ್ಕಿಗಿದೆ, ನೀನು ಇನ್ನೊಂದು ದಿಕ್ಕಿಗೆ ಹೋಗ್ತಿದೀಯ, ನಿಜಕ್ಕೂ ಗಣಿತದೋಳೇನಾ?" ಎಂದರು.

ಮೊದಲ ಸಂಜೆ ಶಿವಲಿಂಗಯ್ಯನವರಿಗೆ ಸಂಕೋಚ. ಪಿಸುಮಾತಿನಲ್ಲಿ ಶುರುಮಾಡಿದರು. ಹಿಂದಿನ ಸೀಟಿನ ಅಜ್ಜಿ ಬಗ್ಗಿ, "ಏನ್ ಮೇಷ್ಟ್ರೇ, ಎಣ್ಮಗೀನ ಬಸ್ಸಲ್ಲೂ ಬುಡಾಕಿಲ್ವಾ?" ಎಂದಳು. ಕಂಡಕ್ಟರು ಬಂದು, "ಪಾಠ ಮಾಡೋದಾದ್ರೆ ಗಟ್ಟಿಯಾಗಿ ಮಾಡಿ ಸಾರ್, ಎಲ್ರೂ ಟಿಕೆಟ್ ತಗೊಂಡಿದಾರೆ," ಎಂದು ಸೀಟಿ ಊದಿದರು. ಅಷ್ಟೇ ಸಾಕಾಯಿತು. ಶಿವಲಿಂಗಯ್ಯನವರು ಕಂಬ ಹಿಡಿದು ಎದ್ದು ನಿಂತರು. ಭಾಮಿನಿ ಷಟ್ಪದಿಯ ಪಾಠ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು. ಉದಾಹರಣೆಗೆ ಪುಸ್ತಕ ತೆರೆಯಲು ಒಂದು ಕೈ ಸಾಲದು, ಬಸ್ಸು ಕುಲುಕುತ್ತಿದೆ. ನಿಂತಲ್ಲೇ ಕಟ್ಟಿದರು:

"ಬಸ್ಸು ಬಂದಿತು ಬಡವನಳ್ಳಿಗೆ, ಸೀಟು ಸಿಕ್ಕದೆ ನಿಂತ ಜನರಿಗೆ…"

ಬಸ್ಸು ಆಗ ನಿಜಕ್ಕೂ ಬಡವನಹಳ್ಳಿಗೇ ಬಂದಿತ್ತು. ನಿಂತವರೆಲ್ಲ ಹೋ ಎಂದರು. ಕಂಡಕ್ಟರು ಟಿಕೆಟ್ ಮಿಷನ್ನಿನ ಮೇಲೆ ಬೆರಳಲ್ಲಿ ಕುಟ್ಟಿ ನೋಡಿ, "ಕರೆಕ್ಟಾಗಿ ಕೂತ್ಕೊಂತು ಸಾರ್, ಪದ್ಯ ಮಾತ್ರ. ಜನ ನಿಂತ್ಕೊಂಡೇ ಇದಾರೆ," ಎಂದರು.

ಮೂರನೆಯ ಸಂಜೆ ಮುಬೀನಾಳ ಸರದಿ. ಅವಳ ಮನೆಮಾತು ಉರ್ದು. ಕನ್ನಡ ಪದ್ಯ ಎಂದರೆ ಅವಳಿಗೂ ಒಳಗೊಳಗೆ ಅಳುಕಿತ್ತು. ಬೆರಳು ಮಡಿಸಿ ಮಡಿಸಿ ಒಂದು ಸಾಲು ಹೇಳಿದಳು: "ಕನ್ನಡಕ್ಕೆ ಗಣಿತ ಬೀಗರು."

ಶಿವಲಿಂಗಯ್ಯನವರು ಕಣ್ಣು ಮುಚ್ಚಿದರು. "ಒಂದು ಮಾತ್ರೆ ಕಡಿಮೆ ಬಿತ್ತಲ್ಲಮ್ಮಾ."

ಮುಬೀನಾ ಕಿಟಕಿಯ ಸರಳಿನ ಮೇಲೆ ಕುಟ್ಟಿದಳು. ಮತ್ತೆ ಕುಟ್ಟಿದಳು. ಹುಣಸೆಮರಗಳು ಹಿಂದಕ್ಕೆ ಓಡುತ್ತಿದ್ದವು. ಬಸ್ಸಿಗೆ ಬಸ್ಸೇ ಕಾಯುತ್ತಿತ್ತು. ಇದ್ದಕ್ಕಿದ್ದಂತೆ ಸೀಟಿನಿಂದ ಹಾರಿದಳು.

"ಕನ್ನಡಕ್ಕೂ! ಕನ್ನಡಕ್ಕೂ ಗಣಿತ ಬೀಗರು! ಕೊಟ್ಟು ತಂದೆವು ಹತ್ತು ಮಕ್ಕಳ!"

ಶಿವಲಿಂಗಯ್ಯನವರು ಬಸ್ಸಿನ ಚಾವಣಿಗೆ ಒಮ್ಮೆ ಕೈ ಬಡಿದರು. ಡ್ರೈವರು ಯಾರೋ ಇಳಿಯುತ್ತಾರೆ ಎಂದುಕೊಂಡು ಬ್ರೇಕ್ ಹಾಕಿದರು.

ಕೊನೆಯ ಸಂಜೆ. ನಾಲ್ಕನೆಯ ತರಗತಿ. ಮರುದಿನ ಬೆಳಿಗ್ಗೆ ಪಟ್ಟಿ ಕಳಿಸಬೇಕು. ಬಸ್ಸು ಶಿರಾ ಸೇರಲು ಒಂದು ಗಂಟೆಯ ಮೇಲೆ ಚಿಲ್ಲರೆ ಹಿಡಿಯುತ್ತಿತ್ತು, ಆ ಭರವಸೆಯ ಮೇಲೆ ನಾವಿದ್ದೆವು. ಪಾಠ ರಂಗೇರಿತ್ತು. ನಾನು ಕೈಗಡಿಯಾರ ನೋಡಿದೆ, ಕಿಟಕಿ ನೋಡಿದೆ. ಶಿರಾದ ಬಸ್‌ಸ್ಟ್ಯಾಂಡು ಎದುರಿಗೇ ಇದೆ! ಗಂಟೆಗೆ ಇನ್ನೂ ಹತ್ತು ನಿಮಿಷ ಇದೆ.

ಡ್ರೈವರು ತಿರುಗಿ ನಗುತ್ತಿದ್ದರು. "ಪರೀಕ್ಷೆ ಹತ್ರ ಬಂತಂತೆ, ಪಾಪ, ಮಗು ಬೇಗ ಮನೆ ಸೇರ್ಲಿ ಅಂತ ಓಡಿಸ್ಬುಟ್ಟೆ ಮೇಡಂ!"

"ಅಯ್ಯೋ ಅಣ್ಣಾ!" ಎಂದಳು ಮುಬೀನಾ. ಅವಳ ಮುಖದಲ್ಲಿ ಬರಗೂರು ಇಳಿದು ಹೋಗುತ್ತಿರುವುದು ಕಾಣುತ್ತಿತ್ತು. ಜನ ಆಗಲೇ ಎದ್ದು ಗಂಟು ಮೂಟೆ ಎತ್ತಿಕೊಳ್ಳುತ್ತಿದ್ದರು. ಜನ ಇಳಿದ ಮೇಲೆ ಬಸ್ಸು ಡಿಪೋಗೆ ಹೋಗುತ್ತದೆ. ಇನ್ನೊಂದು ಗಂಟೆಯ ಪಾಠಕ್ಕೆ ಇನ್ನೊಂದು ದಿನ ಇಲ್ಲ. ನಾನು ಕಂಡಕ್ಟರಿಗೆ ಒಂದೇ ಉಸಿರಲ್ಲಿ ಎಲ್ಲ ಹೇಳಿದೆ. ಏನು ಹೇಳಿದೆನೋ, ಎಪ್ಪತ್ತೈದು ಅಂದೆನೋ, ಬರಗೂರು ಅಂದೆನೋ.

ಕಂಡಕ್ಟರು ಬಾಗಿಲಿಗೆ ಅಡ್ಡ ನಿಂತರು. "ಯಾರೂ ಇಳೀಬ್ಯಾಡ್ರಪ್ಪೋ! ಜನ ಇರೋಗಂಟ ಬಸ್ಸು. ಮೇಷ್ಟ್ರು ಮುಗಿಸ್ಲಿ!"

"ನಂಗೆ ಬರಗೂರು ಬಸ್ಸು ತಪ್ತದೆ ಕಣಯ್ಯಾ," ಎಂದರು ಒಬ್ಬರು.

"ಆ ಮಗಿಗೂ ಅದೇ ತಪ್ಪೋದು ಕಣಣ್ಣಾ, ಕುಂತ್ಕೋ!" ಎಂದಳು ಹಿಂದಿನ ಸೀಟಿನ ಅಜ್ಜಿ. ಅವಳು ಆ ದಿನವೂ ಇದ್ದಳೇ? ಇದ್ದಳು ಎಂದೇ ನನ್ನ ನೆನಪು. ನಾಲ್ಕು ಸಂಜೆಯೂ ಒಬ್ಬಳೇ ಅಜ್ಜಿ ಇರುವುದು ಅಷ್ಟು ಸಂಭವನೀಯವಲ್ಲ ಎಂದು ನನ್ನ ಗಣಿತ ಹೇಳುತ್ತದೆ. ಇರಲಿ, ಅಜ್ಜಿ ಇದ್ದಳು.

ಎಲ್ಲರೂ ಕೂತರು. ಮಡಿಲಲ್ಲಿ ಮೂಟೆ ಇಟ್ಟುಕೊಂಡು ಕೂತರು, ನಿಂತವರು ನಿಂತೇ ಇದ್ದರು. ಶಿವಲಿಂಗಯ್ಯನವರು ಗಂಟಲು ಸರಿಮಾಡಿಕೊಂಡು ಷಟ್ಪದಿಯ ಕೊನೆಯ ಸಾಲಿನ ಪಾಠ ಮಾಡಿದರು. ಕೊನೆಗೆ ಒಂದು ಗುರು ಬರಲೇಬೇಕು, ಆ ಗುರು ಇಲ್ಲದೆ ಪದ್ಯ ನಿಲ್ಲುವುದಿಲ್ಲ ಎಂದರು. ನಿಂತ ಬಸ್ಸಿನಲ್ಲಿ ಅವರ ದನಿ ಸ್ಟ್ಯಾಂಡಿನ ತುದಿಯವರೆಗೂ ಹೋಗುತ್ತಿತ್ತು. ಗಂಟೆ ತುಂಬಿದಾಗ ನಾನು ಕೈ ಎತ್ತಿದೆ. ಕಂಡಕ್ಟರು ಬಾಗಿಲು ಬಿಟ್ಟು ಉದ್ದಕ್ಕೆ ಸೀಟಿ ಊದಿದರು. ಅಲ್ಲೇ ನಾನು ಹಾಕಿದ ಸಹಿ ಸೊಟ್ಟಗಾಯಿತು. ಬಸ್ಸಿನ ಎಂಜಿನ್ ಆಫ್ ಆಗಿತ್ತು, ನೆಪ ಹೇಳುವ ಹಾಗಿಲ್ಲ.

ಮುಬೀನಾ ಪರೀಕ್ಷೆಗೆ ಕೂತಳು. ಓಬಳೇಶನೂ ಕೂತ. ಇಪ್ಪತ್ತು ಮಂದಿಯೂ ದಾಟಿದರು. ಓಬಳೇಶ ಅಂಕಪಟ್ಟಿಯಲ್ಲಿ ಗಣಿತ ಎಂಬ ಪದದ ಮುಂದೆ ಪಾಸ್ ಎಂದಿರುವುದನ್ನು ಫೋಟೊ ತೆಗೆದು ತನ್ನ ಹಳೆಯ ಶಾಲೆಯ ಮೇಷ್ಟ್ರಿಗೆ ಕಳಿಸಿದನಂತೆ. ಶಿವಲಿಂಗಯ್ಯನವರು ಬೀಗರ ಊಟ ಹಾಕಿಸಿದರು. ಬಾಡಿಲ್ಲದ ಬೀಗರ ಊಟ ಎಂಥದ್ದು ಎಂದು ಹುಡುಗರು ಗೊಣಗಿದರು, ಆದರೆ ಒಬ್ಬಟ್ಟು ಉಳಿಯಲಿಲ್ಲ.

ಮರುವರ್ಷ ಆ ಹತ್ತರ ನಿಯಮವನ್ನೇ ತೆಗೆದುಹಾಕಿದರು. ಒಬ್ಬರಿದ್ದರೂ ಪತ್ರಿಕೆ ನಡೆಸಬಹುದು ಎಂದು ಸುತ್ತೋಲೆ ಬಂತು. ನಾನು ಅದನ್ನು ಓದಿ ಮುಗಿಸುವ ಮೊದಲೇ ಕನ್ನಡ ವಿಭಾಗದ ಹೊಸ ಮಕ್ಕಳು ತಟ್ಟೆಯಲ್ಲಿ ಬಾಳೆಹಣ್ಣು ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು. "ರೂಲ್ ಇಲ್ಲ ಅಂತ ಗೊತ್ತು ಮೇಡಂ. ಆದ್ರೂ ಹೆಣ್ಣು ನೋಡಕ್ಕೆ ಬಂದಿದೀವಿ." ನಾನು ನಿವೃತ್ತಳಾಗುವವರೆಗೂ ಪ್ರತಿ ವರ್ಷ ಬಂದರು. ನೀವು ಆ ಕಾಲೇಜಿಗೆ ಹೋದರೆ ಬಿಸ್ಕತ್ತು ತರಿಸಿಟ್ಟಿರಿ.

ಒಂದು ಮಾತು ಉಳಿಯಿತು. ಆ ಜೂನಿನಲ್ಲಿ ಮುಬೀನಾ ಫೋನ್ ಮಾಡಿದಳು. ಕೆಲಸಕ್ಕೆ ಸೇರುವ ಮೊದಲ ದಿನ, ಬರಗೂರಿನ ಬಸ್ಸಿನಲ್ಲಿದ್ದಳು. "ಮೇಡಂ, ಅಂಕಪಟ್ಟಿ ಮಡಿಲಲ್ಲಿದೆ, ಗಾಳಿಗೆ ಹಾರಿಹೋಗುತ್ತೆ ಅಂತ ಎರಡೂ ಕೈಲಿ ಹಿಡ್ಕೊಂಡಿದೀನಿ," ಅಂದಳು. ಹಾಗಾದರೆ ಫೋನು ಯಾವ ಕೈಯಲ್ಲಿ ಹಿಡಿದಿದ್ದೀಯ ಎಂದು ಕೇಳಿದೆ. ನಗು ಬಂತು. ಆ ನಗುವಿನ ಹಿಂದೆ ಒಂದು ಸದ್ದು. ಬಸ್ಸಿನವರೆಲ್ಲ ಚಪ್ಪಾಳೆ ತಟ್ಟಿದರು ಎಂದು ಆ ದಿನದ ದಿನಚರಿಯಲ್ಲಿ ಬರೆದಿದ್ದೇನೆ. ಬರಗೂರಿನ ಬಸ್ಸಿನವರು ಯಾಕೆ ಚಪ್ಪಾಳೆ ತಟ್ಟುತ್ತಾರೆ, ಅವರಿಗೇನು ಗೊತ್ತು? ಸಡಿಲವಾದ ಕಿಟಕಿಯ ಗಾಜು ಅದುರಿದ ಸದ್ದೇ ಇರಬೇಕು.

ಆದರೆ ನಾನು ಆಗಲೇ ಆ ಸದ್ದಿನ ಮಾತ್ರೆ ಎಣಿಸಿದ್ದೆ. ಮೂರು, ನಾಲ್ಕು, ಮೂರು, ನಾಲ್ಕು.